ಹಕ್ಕಿಗೊಂದು ಕಾವಲು

ಪುಣೆಯಿಂದ ಹೊರಡುವ ರೈಲುಮಾರ್ಗವು ಸಾತಾರಾ ಜಿಲ್ಲೆಯನ್ನು ಹಾದು, ಮಿರಜವನ್ನು ಮುಟ್ಟಿ, ಬೆಳಗಾವಿ ಖಾನಾಪುರಗಳನ್ನು ದಾಟಿ ಲೋಂಡಾದ ಕಾಡನ್ನು ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿಯವರು ಹಾಕಿದ ಮಾರ್ಗವಿದು. ಬೆಳಗಾವಿ ಸೀಮೆಯ ನಮಗೆ ಇದು ಮನೆಯಂಗಳದ ಕಾಲುದಾರಿಯಷ್ಟು ಪರಿಚಿತ. ಇದೇ ಮಾರ್ಗದ ಮೇಲೆ, ಸಾತಾರಾ ಜಿಲ್ಲೆಯಲ್ಲಿ, ಮಸೂರ ಎಂಬ ಚಿಕ್ಕ ನಿಲ್ದಾಣವೊಂದಿದೆ. 1901ನೆಯ ವರ್ಷದ ಒಂದು ಸಂಜೆ ಆ ನಿಲ್ದಾಣದಲ್ಲಿ ನಾಲ್ವರು ಹುಡುಗರು ಇಳಿದರು. ಹೊಸ ಅಂಗಿ, ಕಸೂತಿಯ ಟೊಪ್ಪಿಗೆ, ಮುಖದಲ್ಲಿ ಮೊದಲ ಪ್ರವಾಸದ ಸಂಭ್ರಮ. ತಂದೆಯು ಗೋರೆಗಾಂವದಲ್ಲಿ ಖಜಾನೆಯ ಕಾರಕೂನನಾಗಿದ್ದನು. ಬರಗಾಲದಿಂದ ತತ್ತರಿಸಿದ ಜನರಿಗೆ ಕೂಲಿ ದೊರಕಿಸುವ ಸಲುವಾಗಿ ಸರಕಾರವು ಅಲ್ಲಿ ಕೆರೆಯೊಂದನ್ನು ತೋಡಿಸುತ್ತಿದ್ದಿತು. ಬೇಸಗೆಯ ರಜೆಯನ್ನು ತಂದೆಯೊಡನೆ ಕಳೆಯಲು ಮಕ್ಕಳು ಹೊರಟಿದ್ದರು. ಬರುವ ಸುದ್ದಿಯನ್ನು ಪತ್ರದಲ್ಲಿ ತಿಳಿಸಿದ್ದರೂ, ಆ ಪತ್ರವನ್ನು ಒಡೆಯನಿಗೆ ಮುಟ್ಟಿಸಲು ಆಳು ಮರೆತಿದ್ದನು. ಕರೆದೊಯ್ಯಲು ಯಾರೂ ಬರಲಿಲ್ಲ.

ಮಕ್ಕಳ ಉಡುಪನ್ನು ಕಂಡು ನಿಲ್ದಾಣದ ಅಧಿಕಾರಿಯು ಪ್ರೀತಿಯಿಂದಲೇ ವಿಚಾರಿಸಿದನು. ತಾವು ಮಹಾರ ಜಾತಿಯವರೆಂದು ಹುಡುಗರು ಅರಿಯದೆ ನಿಜವನ್ನಾಡಿಬಿಟ್ಟರು. ಆತನ ಮುಖದ ಬಣ್ಣ ಬದಲಾಯಿತು. ಸರಸರನೆ ತನ್ನ ಕೋಣೆಗೆ ಹೋದನು. ಬಾಡಿಗೆಯ ಗಾಡಿಯವರು ಹಲವರಿದ್ದರು, ಒಬ್ಬನೂ ಬರಲೊಪ್ಪಲಿಲ್ಲ. ಇಮ್ಮಡಿ ಬಾಡಿಗೆ ಕೊಡುವುದಾಗಿ ಹೇಳಿದ ಮೇಲೆ ಒಬ್ಬ ಒಪ್ಪಿದನು, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂಬ ಕರಾರಿನ ಮೇಲೆ. ಬುತ್ತಿ ಜೊತೆಯಲ್ಲಿತ್ತು, ನೀರಿರಲಿಲ್ಲ. ದಾರಿಯಲ್ಲಿ ಸಿಕ್ಕ ಹಳ್ಳದ ಗುಂಡಿಯ ನೀರು ದನಗಳ ಸೆಗಣಿ ಗಂಜಳದಿಂದ ಕೊಳೆತು ನಾರುತ್ತಿತ್ತು. ನಡುರಾತ್ರಿ ಸುಂಕದ ಕಟ್ಟೆಗೆ ತಲುಪಿದಾಗ, ಗಾಡಿಯವನ ಸಲಹೆಯಂತೆ ಮುಸಲ್ಮಾನ ಹುಡುಗನೆಂದು ಹೇಳಿಕೊಂಡು ನೀರು ಬೇಡಿದರೂ ಸುಂಕದವನು ಕೊಡಲಿಲ್ಲ. ಮರುದಿನ ಹೊತ್ತೇರುವವರೆಗೂ ಆ ಮಕ್ಕಳು ಬಾಯಾರಿಕೆಯಿಂದಲೇ ಇದ್ದರು. ಕೆರೆ ತೋಡಿಸುವಲ್ಲಿ ಸೇವೆ ಮಾಡುತ್ತಿದ್ದವನ ಮಕ್ಕಳಿಗೆ ಒಂದು ಗುಟುಕು ನೀರು ದೊರೆಯಲಿಲ್ಲ.

ಆ ನಾಲ್ವರಲ್ಲಿ ಹತ್ತು ವರ್ಷದ ಬಾಲಕನೊಬ್ಬನೇ ಭೀಮರಾವ. ಮುಂದೆ ಡಾ. ಬಾಬಾಸಾಹೇಬ ಅಂಬೇಡ್ಕರರೆಂದು ಲೋಕವಿಖ್ಯಾತರಾದವರು.

ಭೀಮರಾಯರು 1891ನೆಯ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜಿ ಸಕಪಾಳರು ಸೈನ್ಯದಲ್ಲಿ ಸುಭೇದಾರರು, ತಾಯಿ ಭೀಮಾಬಾಯಿ. ಮನೆತನದ ಮೂಲ ಊರು ಕೊಂಕಣದ ಅಂಬವಡೆ. ಬೆಳಗಾವಿಯ ಕ್ಯಾಂಪ್ ಪ್ರದೇಶವನ್ನು ಬಲ್ಲವರಿಗೆ ಇಂಥ ದಂಡಿನ ಊರಿನ ಶಿಸ್ತು ಗೊತ್ತು. ಆಗಿನ ಸೈನ್ಯದಲ್ಲಿ ಸಿಪಾಯಿಗಳ ಮಕ್ಕಳಿಗೆ ಓದು ಕಡ್ಡಾಯವಾಗಿದ್ದುದರಿಂದ, ಊರಿನಲ್ಲಿ ಶಾಲೆಯ ಹೊಸ್ತಿಲನ್ನೂ ತುಳಿಯಲಾರದವರಿಗೆ ದಂಡಿನಲ್ಲಿ ಅಕ್ಷರ ದೊರೆಯಿತು. ಆದರೆ ನಿವೃತ್ತಿಯಾದ ಮೇಲೆ ಸಂಸಾರ ಸಾತಾರಾಕ್ಕೆ ಬಂದಿತು. ಶಾಲೆಯಲ್ಲಿ ಬಾಲಕನು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತುಕೊಳ್ಳಬೇಕಾಯಿತು. ಜವಾನನು ಮೇಲಿನಿಂದ ಹೊಯ್ದರೆ ಮಾತ್ರ ನೀರು; ಜವಾನ ಬಾರದ ದಿನ ನೀರಿಲ್ಲ.

ಅವರ ವಿದ್ಯಾಭ್ಯಾಸದ ಕಥೆಯನ್ನು ವಿದ್ಯಾರ್ಥಿಗಳು ಬಲ್ಲರು. ಬಡೋದೆಯ ಮಹಾರಾಜ ಸಯಾಜಿರಾವ ಗಾಯಕವಾಡರ ನೆರವಿನಿಂದ 1913ರಲ್ಲಿ ಅಮೆರಿಕೆಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದುದು, ಬಳಿಕ ಲಂಡನ್ನಿನಲ್ಲಿ ಅರ್ಥಶಾಸ್ತ್ರದ ಉಚ್ಚ ಪದವಿಯನ್ನೂ ಬ್ಯಾರಿಸ್ಟರ್ ಪದವಿಯನ್ನೂ ಗಳಿಸಿದುದು, ಇವು ಪ್ರಸಿದ್ಧ ಸಂಗತಿಗಳು. ನಡುವೆ 1917ರಲ್ಲಿ ನಡೆದ ಒಂದು ಘಟನೆಯನ್ನು ಮಾತ್ರ ಇಲ್ಲಿ ಹೇಳಲೇಬೇಕು. ವಿದ್ಯಾರ್ಥಿವೇತನದ ಕರಾರಿನಂತೆ ಅವರು ಬಡೋದೆ ಸಂಸ್ಥಾನದ ಸೇವೆಗೆ ಸೇರಿದರು. ದೊಡ್ಡ ಅಧಿಕಾರಿಯೆನಿಸಿದ್ದರೂ ಆ ನಗರದಲ್ಲಿ ತಲೆಯೂರಲು ಸ್ಥಳವಿರಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಬೇರೆ ಹೆಸರಿನಿಂದ ಉಳಿದುಕೊಂಡರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು, ಸಂಜೆಯೊಳಗಾಗಿ ಹೊರಡಬೇಕೆಂದು ಗದರಿಸಿದರು. ಮಿತ್ರರ ಮನೆಗಳಲ್ಲಿಯೂ ಆಶ್ರಯ ಸಿಗಲಿಲ್ಲ. ಊರಿನ ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿಯ ರೈಲಿನಿಂದ ಮುಂಬಯಿಗೆ ಮರಳಿದರು.

ಕಳವಾದರೆ ಪೋಲೀಸ್ ಠಾಣೆ ಇತ್ತು. ಸಾಲದ ತಂಟೆಯಾದರೆ ದಿವಾಣಿ ನ್ಯಾಯಾಲಯ ಇತ್ತು. ಮನುಷ್ಯನೊಬ್ಬನನ್ನು ಹುಟ್ಟಿನ ಕಾರಣದಿಂದ ದೊಣ್ಣೆ ತೋರಿಸಿ ಹೊರಗಟ್ಟಿದರೆ, ಇಂಥ ಅನ್ಯಾಯವನ್ನು ವಿಚಾರಿಸುವುದಕ್ಕೆಂದೇ ನೇಮಕವಾದ ಒಂದು ಕಚೇರಿಯಾಗಲಿ ಒಬ್ಬ ಅಧಿಕಾರಿಯಾಗಲಿ ದೇಶದಲ್ಲಿರಲಿಲ್ಲ. ಮಸೂರದ ಬಾಲಕನಿಗೂ ಬಡೋದೆಯ ಅಧಿಕಾರಿಗೂ ಈ ವಿಷಯದಲ್ಲಿ ಭೇದವೇ ಇರಲಿಲ್ಲವೆನ್ನಬೇಕು. ಇಂಥ ಕಚೇರಿಯೊಂದನ್ನು ಕಟ್ಟಿಸುವುದರಲ್ಲಿ ಅಂಬೇಡ್ಕರರ ಜೀವಮಾನದ ದೊಡ್ಡ ಭಾಗವೇ ಕಳೆಯಿತು. ಅವರು ನಡೆಸಿದ ಸತ್ಯಾಗ್ರಹಗಳ ಕೀರ್ತಿಯಲ್ಲಿ ಈ ಕೆಲಸವು ಅಷ್ಟಾಗಿ ಕಣ್ಣಿಗೆ ಬೀಳದೆ ಹೋಗಿದೆ.

1924ನೆಯ ಜುಲೈ ತಿಂಗಳಲ್ಲಿ ಅವರು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಅದೇ ವರ್ಷದ ಡಿಸೆಂಬರದಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನ ನೆರೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕಮಾತ್ರ ಅಧಿವೇಶನವದು. ಅಸ್ಪೃಶ್ಯತೆಯನ್ನು ತೊಡೆಯಬೇಕೆಂಬ ಮಾತು ಅಲ್ಲಿ ಗಂಭೀರವಾಗಿ ಕೇಳಿಬಂದಿತು. ಸವರ್ಣೀಯರ ಹೃದಯ ಪರಿವರ್ತನೆಯಾಗಬೇಕೆಂಬುದು ಗಾಂಧಿಯವರ ಹಂಬಲ. ಹೃದಯ ಬದಲಾಗುವವರೆಗೆ ಬಾಯಾರಿದವನು ಕಾಯುತ್ತ ಕುಳಿತಿರಬೇಕೇ ಎಂಬುದು ಅಂಬೇಡ್ಕರರ ಪ್ರಶ್ನೆ. ಇಬ್ಬರ ದಾರಿಗಳು ಬೇರೆಯಾದದ್ದು ಇಲ್ಲಿಯೇ. ಈ ಭೇದವನ್ನು ವೈಯಕ್ತಿಕ ವೈರವೆಂದು ತಿಳಿಯುವುದು ಸರಿಯಲ್ಲವೆಂದು ನನಗೆ ತೋರುತ್ತದೆ.

1925ರ ಏಪ್ರಿಲ್‌ನಲ್ಲಿ ಅವರು ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿನಲ್ಲಿ ಪಾಲ್ಗೊಂಡರು. 1929ರಲ್ಲಿ ಬೆಳಗಾವಿಯಲ್ಲಿಯೇ ಜಿಲ್ಲೆಯ ಪರಿಷತ್ತು ಅವರ ನೇತೃತ್ವದಲ್ಲಿ ನಡೆಯಿತು. ಆ ಕಾಲಕ್ಕೆ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂಬಯಿಯ ಶಾಸನಸಭೆಯಲ್ಲಿ ಆದ ನಿರ್ಣಯವು ಖಾನಾಪುರದ ಬಾವಿಗೂ ಅನ್ವಯಿಸುತ್ತಿತ್ತು. ಅವರ ಶಿಕ್ಷಣ ಸಂಸ್ಥೆಯು ಧಾರವಾಡದಲ್ಲಿ ವಿದ್ಯಾರ್ಥಿನಿಲಯವೊಂದನ್ನು ತೆರೆಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಬಳವಂತರಾವ ವರಾಳೆಯವರು 1937ರಲ್ಲಿ ಬೆಳಗಾವಿ ಜಿಲ್ಲೆಯಿಂದ ಮುಂಬಯಿ ವಿಧಾನಸಭೆಗೆ ಆರಿಸಿಬಂದರು.

ನಿರ್ಣಯಗಳ ಮಾತು ಬಂದಿತಷ್ಟೆ. 1923ನೆಯ ಆಗಸ್ಟದಲ್ಲಿ ಸೀತಾರಾಮ ಕೇಶವ ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಒಂದು ನಿರ್ಣಯವನ್ನು ಮಂಡಿಸಿ ಅಂಗೀಕಾರ ಪಡೆದರು. ಸರಕಾರದ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆ, ಕಚೇರಿ ಇವುಗಳನ್ನೆಲ್ಲ ಅಸ್ಪೃಶ್ಯರು ಬಳಸಬಹುದೆಂದು ಅದರ ತಾತ್ಪರ್ಯ. ಕಾಗದದ ಮೇಲೆ ಇದಕ್ಕಿಂತ ಉತ್ತಮವಾದ ಆಜ್ಞೆ ಬೇಕಿಲ್ಲ. ಕೊಲಾಬಾ ಜಿಲ್ಲೆಯ ಮಹಾಡ ನಗರಸಭೆಯು 1924ರಲ್ಲಿ ಇದಕ್ಕನುಸಾರವಾಗಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ಸಾರಿತು. ಆದರೂ ಮೂರು ವರ್ಷ ಒಬ್ಬ ಅಸ್ಪೃಶ್ಯನೂ ಆ ಕೆರೆಗೆ ಕೊಡ ಇಳಿಸಲಿಲ್ಲ. ಇಳಿಸಿದರೆ ಏನಾಗುವುದೆಂಬುದು ಗೊತ್ತಿತ್ತು. ಆಗ ಯಾರು ಬಂದು ಕಾಯುವರೆಂಬುದು ಗೊತ್ತಿರಲಿಲ್ಲ. 1927ನೆಯ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ಮರಳುತ್ತಿದ್ದ ಜನರ ಮೇಲೆ ಹಲ್ಲೆಯಾಯಿತು. ನಗರಸಭೆಯು ಅದೇ ಆಗಸ್ಟದಲ್ಲಿ ತನ್ನ ನಿರ್ಣಯವನ್ನು ಹಿಂತೆಗೆದುಕೊಂಡಿತು. ದಾವೆ ನಡೆದು, ಮುಂಬಯಿ ಉಚ್ಚ ನ್ಯಾಯಾಲಯವು ಅಸ್ಪೃಶ್ಯರ ಪರವಾಗಿ ತೀರ್ಪು ಕೊಟ್ಟದ್ದು 1937ನೆಯ ಮಾರ್ಚ್ 17ರಂದು. ಶಾಸನಸಭೆಯ ನಿರ್ಣಯದಿಂದ ನ್ಯಾಯಾಲಯದ ತೀರ್ಪಿನವರೆಗೆ ಹದಿಮೂರು ವರ್ಷಗಳಿಗೂ ಮಿಕ್ಕಿದ ಕಾಲ. ಅದೂ ಅಂಬೇಡ್ಕರರಂಥ ಬ್ಯಾರಿಸ್ಟರರು ಬೆನ್ನ ಹಿಂದೆ ನಿಂತಿದ್ದಾಗ. ಕಾಡಂಚಿನ ಹಳ್ಳಿಯ ಕೂಲಿಯವನೊಬ್ಬನು ಇಷ್ಟು ಕಾಲ ದಾವೆ ಹೂಡಿ ಗೆಲ್ಲಬಲ್ಲನೇ? ಹಕ್ಕನ್ನು ಸಾರುವುದು ಒಂದು ಕೆಲಸ, ಅದು ಭಂಗವಾದಾಗ ತಾನಾಗಿ ಬಂದು ವಿಚಾರಿಸುವವರನ್ನು ನೇಮಿಸುವುದು ಇನ್ನೊಂದು ಕೆಲಸ ಎಂಬ ಅರಿವು ಅಂಬೇಡ್ಕರರಲ್ಲಿ ಮಹಾಡದ ಅನುಭವದಿಂದ ಗಟ್ಟಿಗೊಂಡಿತು.

ಅಂಥ ವಿಚಾರಣೆಯ ಮೊದಲ ಅವಕಾಶವು ಬೇಗನೆ ಒದಗಿತು. ಡಾ. ಸೋಳಂಕಿಯವರು ಶಾಸನಸಭೆಯಲ್ಲಿ ಮಂಡಿಸಿದ ನಿರ್ಣಯದ ಫಲವಾಗಿ, ದಲಿತ ವರ್ಗಗಳ ಮತ್ತು ಆದಿವಾಸಿಗಳ ಸ್ಥಿತಿಗತಿಯನ್ನು ಪರಿಶೀಲಿಸಲು 1928ರಲ್ಲಿ ಮುಂಬಯಿ ಸರಕಾರವು ಸಮಿತಿಯೊಂದನ್ನು ನೇಮಿಸಿತು. ಸ್ಟಾರ್ಟೆ ಎಂಬ ಆಂಗ್ಲ ಅಧಿಕಾರಿ ಅಧ್ಯಕ್ಷರು. ಅಂಬೇಡ್ಕರರು, ಸೋಳಂಕಿಯವರು, ಠಕ್ಕರ್ ಬಾಪಾ ಮೊದಲಾದವರು ಸದಸ್ಯರು. ಪ್ರಾಂತದಲ್ಲಿ ಸಂಚರಿಸಿ, ಅನ್ಯಾಯಕ್ಕೊಳಗಾದವರ ಮಾತನ್ನು ಕೇಳಿ ಬರೆದುಕೊಳ್ಳುವುದು ಅವರ ಕೆಲಸವಾಗಿತ್ತು.

ಅಂಬೇಡ್ಕರರ ಪಾಲಿಗೆ ಖಾನದೇಶದ ಜಿಲ್ಲೆಗಳು ಬಂದವು. 1929ನೆಯ ಅಕ್ಟೋಬರದಲ್ಲಿ ಧುಳೆಯ ವಿಚಾರಣೆ ಮುಗಿಸಿ ಬರುತ್ತಿದ್ದಾಗ, ಚಾಳೀಸಗಾಂವದ ದಲಿತರು ನಿಲ್ದಾಣಕ್ಕೆ ಬಂದು, ಒಂದು ರಾತ್ರಿ ತಮ್ಮಲ್ಲಿ ತಂಗಬೇಕೆಂದು ಪ್ರಾರ್ಥಿಸಿದರು. ಇವರು ಒಪ್ಪಿದರು. ಕೇರಿಯು ನಿಲ್ದಾಣದಿಂದ ದೂರವಿರಲಿಲ್ಲ, ನಡೆದೇ ಹೋಗಬಹುದಿತ್ತು. ಆದರೂ ಟಾಂಗಾ ತರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಗೊಂದು ಟಾಂಗಾ ಬಂದಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೋಟಾರೊಂದಕ್ಕೆ ಡಿಕ್ಕಿ ಹೊಡೆಯುವುದು ಕೂದಲೆಳೆಯಲ್ಲಿ ತಪ್ಪಿತು. ಮುಂದೆ ಹಳ್ಳದ ಸೇತುವೆಯ ಮೇಲೆ ಗಾಲಿಯು ಕಲ್ಲಿಗೆ ಸಿಕ್ಕಿ, ಒಳಗಿದ್ದವರು ಕಲ್ಲುಹಾಸಿನ ಮೇಲೆ ಬಿದ್ದರು. ಕುದುರೆಯೂ ಗಾಡಿಯೂ ಹಳ್ಳಕ್ಕೆ ಉರುಳಿದವು. ಅಂಬೇಡ್ಕರರ ಕಾಲಿನ ಎಲುಬು ಮುರಿಯಿತು. ಆಮೇಲೆ ನಿಜ ಸಂಗತಿ ಹೊರಬಿದ್ದಿತು. ಅಸ್ಪೃಶ್ಯನನ್ನು ಕೂಡಿಸಿಕೊಂಡು ಟಾಂಗಾ ಹೊಡೆಯುವುದಕ್ಕೆ ಊರಿನ ಯಾವ ಟಾಂಗಾವಾಲನೂ ಒಪ್ಪಿರಲಿಲ್ಲ. ತಮ್ಮ ಅತಿಥಿಯು ನಡೆದು ಬರುವುದು ತಮಗೆ ಅವಮಾನವೆಂದು ಕೇರಿಯ ಜನ ಭಾವಿಸಿದರು. ಬರಿಯ ಟಾಂಗಾವನ್ನು ಬಾಡಿಗೆಗೆ ಹಿಡಿದು, ಎಂದೂ ಲಗಾಮು ಹಿಡಿಯದ ತಮ್ಮವನನ್ನೇ ಕೂಡಿಸಿ ಕಳಿಸಿದ್ದರು.

ಅನ್ಯಾಯವನ್ನು ವಿಚಾರಿಸಲು ಸರಕಾರ ಕಳಿಸಿದ ಸದಸ್ಯರೇ, ವಿಚಾರಣೆಯ ದಾರಿಯಲ್ಲಿ, ಅದೇ ಅನ್ಯಾಯದಿಂದ ಕಾಲು ಮುರಿದುಕೊಂಡರು. ಮಸೂರದ ಗಾಡಿಗೂ ಚಾಳೀಸಗಾಂವದ ಟಾಂಗಾಕ್ಕೂ ನಡುವೆ ಇಪ್ಪತ್ತೆಂಟು ವರ್ಷಗಳು. ವಿದೇಶದ ಪದವಿಗಳು ಎಷ್ಟೋ. ಆದರೆ ಗಾಡಿ ಹೊಡೆಯುವವನು ಎರಡು ಸಲವೂ ಸಿಗಲಿಲ್ಲ.

ಸಮಿತಿಯು 1930ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದರಲ್ಲಿ ಬಹಿಷ್ಕಾರದ ಬಗೆಗೆ ಇರುವ ಭಾಗವು ವಿಶೇಷ ಗಮನಕ್ಕೆ ಅರ್ಹವಾದುದು. ಆಗಿನ ಹಳ್ಳಿಯ ವ್ಯವಸ್ಥೆಯನ್ನು ತಿಳಿಯದೆ ಇದು ಅರ್ಥವಾಗದು. ವತನದಾರರಾದ ಮಹಾರರು ಸರಕಾರದ ಕಾಗದಪತ್ರಗಳನ್ನು ಊರಿಂದೂರಿಗೆ ಒಯ್ಯಬೇಕು, ಹಗಲಿರುಳೆನ್ನದೆ ಅಧಿಕಾರಿಗಳ ಕರೆಗೆ ಓಗೊಡಬೇಕು; ಪ್ರತಿಫಲವಾಗಿ ಅಂಗೈಯಗಲ ಇನಾಮು ನೆಲ, ಸುಗ್ಗಿಯಲ್ಲಿ ರೈತರು ಕೊಡುವ ಒಂದಿಷ್ಟು ಕಾಳು. ಹಕ್ಕು ಕೇಳಿದ ದಿನ ಊರವರು ಕಾಳು ನಿಲ್ಲಿಸುತ್ತಿದ್ದರು, ಕೂಲಿಗೆ ಕರೆಯುತ್ತಿರಲಿಲ್ಲ, ಅಂಗಡಿಯವನು ಉಪ್ಪು ಕೊಡುತ್ತಿರಲಿಲ್ಲ, ಹೊಲದ ದಾರಿಯನ್ನು ಮುಚ್ಚುತ್ತಿದ್ದರು. ಬಡಿದಾಟವಿಲ್ಲ, ರಕ್ತಪಾತವಿಲ್ಲ, ಆದ್ದರಿಂದ ಪೋಲೀಸರ ದಫ್ತರದಲ್ಲಿ ಅಪರಾಧವೂ ಇಲ್ಲ. ಮೈಮೇಲೆ ಬೀಳುವ ಹೊಡೆತಕ್ಕಿಂತ ಇದು ಭಯಂಕರವಾದ ಆಯುಧವೆಂಬುದನ್ನು ಸಮಿತಿಯು ಕಂಡುಕೊಂಡಿತು. ವತನದ ಕಾಯಿದೆಯನ್ನು ತಿದ್ದಲು ಅಂಬೇಡ್ಕರರು 1928ನೆಯ ಮಾರ್ಚದಲ್ಲಿಯೇ ಮಸೂದೆಯೊಂದನ್ನು ತಂದಿದ್ದರು. ಅದು ಆಗ ಫಲಿಸಲಿಲ್ಲ. ನಮ್ಮ ರಾಜ್ಯದಲ್ಲಿ ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಪಡಿಸುವ ಕಾಯಿದೆ 1961ರಲ್ಲಿ ಬಂದಿತು.

ವರದಿಯ ಬೆನ್ನಿಗೇ, 1931ರಲ್ಲಿ, ಮುಂಬಯಿ ಸರಕಾರವು ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಬೆಳಗಾವಿಯಂಥ ಜಿಲ್ಲೆಗಳ ದಲಿತರು ತಮ್ಮ ಅಹವಾಲನ್ನು ಯಾರಿಗೆ ಬರೆಯಬೇಕೆಂಬುದಕ್ಕೆ ಒಂದು ವಿಳಾಸ ದೊರೆತಂತಾಯಿತು. ಅದರ ಅಧಿಕಾರ ಅಲ್ಪವೆಂಬುದು ನಿಜ. ವಿಳಾಸವೇ ಇಲ್ಲದ ಕಾಲವನ್ನು ಕಂಡವರಿಗೆ ಅದು ಅಲ್ಪವೆನಿಸಿರಲಾರದು.

ಇಷ್ಟರಲ್ಲಿ ಅಂಬೇಡ್ಕರರು ಲಂಡನ್ನಿಗೆ ತೆರಳಿದ್ದರು. 1930ರ ಕೊನೆಗೆ ನೆರೆದ ದುಂಡುಮೇಜಿನ ಪರಿಷತ್ತಿನಲ್ಲಿ ಅವರೂ ಮದ್ರಾಸಿನ ರೆಟ್ಟಮಲೈ ಶ್ರೀನಿವಾಸನ್ ಅವರೂ ಕೂಡಿ ದಲಿತ ವರ್ಗಗಳ ರಕ್ಷಣೆಯ ಯೋಜನೆಯೊಂದನ್ನು ಮುಂದಿಟ್ಟರು. ಸಮಾನ ನಾಗರಿಕತ್ವ, ಮತದ ಹಕ್ಕು ಮೊದಲಾದವು ಅದರಲ್ಲಿದ್ದವೆಂಬುದು ನಿರೀಕ್ಷಿತವೇ. ಬಹಿಷ್ಕಾರವನ್ನು ಅಪರಾಧವೆಂದು ಸಾರಬೇಕೆಂಬ ಬೇಡಿಕೆ ಅದರಲ್ಲಿತ್ತು. ಅದಕ್ಕೆ ಬರ್ಮಾ ದೇಶದ 1922ರ ಕಾಯಿದೆಯೊಂದನ್ನು ಮೇಲ್ಪಂಕ್ತಿಯಾಗಿ ತೆಗೆದುಕೊಂಡಿದ್ದರು. ದಲಿತರ ಹಿತವನ್ನು ಕಾಯುವುದಕ್ಕಾಗಿ ಒಬ್ಬ ಮಂತ್ರಿಯ ಕೈಕೆಳಗೆ ಪ್ರತ್ಯೇಕ ಇಲಾಖೆ ಇರಬೇಕೆಂಬುದೂ ಅದರಲ್ಲಿತ್ತು. ಮಹಾಡದ ಕೆರೆ, ಚಾಳೀಸಗಾಂವದ ಟಾಂಗಾ ಇವೆರಡೂ ಆ ಯೋಜನೆಯ ಸಾಲುಗಳ ಹಿಂದೆ ನಿಂತಿವೆ.

ಪುಣೆಯ ಒಪ್ಪಂದ, ಸ್ವತಂತ್ರ ಕಾರ್ಮಿಕ ಪಕ್ಷದ ಸ್ಥಾಪನೆ, ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ಇವನ್ನೆಲ್ಲ ಇಲ್ಲಿ ವಿಸ್ತರಿಸುವುದಿಲ್ಲ. 1947ನೆಯ ವರ್ಷಕ್ಕೆ ಬರೋಣ. ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮೊದಲು ಅವರು ಸಂವಿಧಾನಸಭೆಗೆಂದು ವಿವರವಾದ ಒಂದು ನಿವೇದನೆಯನ್ನು ಸಿದ್ಧಪಡಿಸಿದರು. ಅಲ್ಪಸಂಖ್ಯಾತರ ವ್ಯವಹಾರಗಳನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕನಿರಬೇಕು, ಅವನ ಸ್ಥಾನಮಾನ ದೇಶದ ಮಹಾಲೇಖಪಾಲನಿಗೆ ಸಮಾನವಾಗಿರಬೇಕು, ಅವನು ವರ್ಷವರ್ಷವೂ ವರದಿ ಸಲ್ಲಿಸಬೇಕು ಎಂದು ಅದರಲ್ಲಿ ಸೂಚಿಸಿದರು. ಈ ಹೋಲಿಕೆ ಬಹಳ ಮಾರ್ಮಿಕವಾದುದು. ಬೊಕ್ಕಸದ ಒಂದು ರೂಪಾಯಿ ಎಲ್ಲಿ ಹೋಯಿತೆಂದು ಕೇಳುವ ಲೆಕ್ಕಪರಿಶೋಧಕನು ಮಂತ್ರಿಗಳಿಗೆ ಅಂಜಬೇಕಾಗಿಲ್ಲ. ಅವನನ್ನು ಸುಲಭವಾಗಿ ತೆಗೆದುಹಾಕಲು ಬರುವುದಿಲ್ಲ. ಮನುಷ್ಯರಿಗೆ ಆದ ಅನ್ಯಾಯದ ಲೆಕ್ಕವನ್ನು ಹಿಡಿಯುವವನಿಗೂ ಅದೇ ನಿರ್ಭಯವಿರಬೇಕೆಂಬುದು ಅರ್ಥಶಾಸ್ತ್ರದ ಪಂಡಿತರಾದ ಅಂಬೇಡ್ಕರರಿಗೆ ಹೊಳೆದುದು ಸಹಜವಾಗಿದೆ.

ಅದೇ ಆಗಸ್ಟದಲ್ಲಿ ಅವರು ಕರಡು ಸಮಿತಿಯ ಅಧ್ಯಕ್ಷರಾದರು. 1949ನೆಯ ನವೆಂಬರ್ 26ರಂದು ಅಂಗೀಕೃತವಾದ ಸಂವಿಧಾನವು 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಹಕ್ಕು ಭಂಗವಾದವನು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಬಹುದೆಂದು 32ನೆಯ ವಿಧಿ ಹೇಳಿತು. ಸಂವಿಧಾನದ ಜೀವಾಳವೇ ಈ ವಿಧಿಯೆಂದು ಅವರು ಬಗೆದಿದ್ದರು. ಇವುಗಳಷ್ಟು ಹೆಸರಾಗದ 338ನೆಯ ವಿಧಿಯು, ಪರಿಶಿಷ್ಟ ಜಾತಿ ಪಂಗಡಗಳಿಗೆ ಕೊಟ್ಟ ರಕ್ಷಣೆಗಳು ಹೇಗೆ ನಡೆಯುತ್ತಿವೆಯೆಂದು ತನಿಖೆ ಮಾಡಿ ರಾಷ್ಟ್ರಪತಿಗಳಿಗೆ ವರದಿ ಮಾಡುವ ವಿಶೇಷಾಧಿಕಾರಿಯನ್ನು ನೇಮಿಸಿತು. ಆ ವರದಿಯನ್ನು ಸಂಸತ್ತಿನ ಮುಂದಿಡಲೇಬೇಕೆಂದೂ ವಿಧಿಸಿತು. 1950ರಲ್ಲಿ ಎಲ್. ಎಂ. ಶ್ರೀಕಾಂತ ಎಂಬವರು ಈ ಹುದ್ದೆಗೆ ಮೊದಲಿಗರಾಗಿ ನೇಮಕಗೊಂಡರು.

ಅಂಬೇಡ್ಕರರು ಬಯಸಿದ್ದ ಮಹಾಲೇಖಪಾಲನ ಸ್ಥಾನ ಈ ಅಧಿಕಾರಿಗೆ ದೊರೆಯಲಿಲ್ಲ. ಅವನು ನೋಡಬಲ್ಲ, ಬರೆಯಬಲ್ಲ. ಯಾರನ್ನೂ ಕರೆಯಿಸಿ ಪ್ರಮಾಣ ಮಾಡಿಸಿ ಕೇಳಲಾರ. 1951ರಲ್ಲಿ ಮಂತ್ರಿಪದವನ್ನು ತ್ಯಜಿಸಿದಾಗ, ಹಿಂದೂ ಸಂಹಿತೆಯ ಮಸೂದೆಯು ನೆನೆಗುದಿಗೆ ಬಿದ್ದುದರ ಜೊತೆಗೆ, ಪರಿಶಿಷ್ಟ ಜಾತಿಗಳ ಬಗೆಗೆ ಸರಕಾರ ತೋರಿದ ಉದಾಸೀನವನ್ನೂ ಅವರು ಕಾರಣವಾಗಿ ಮುಂದಿಟ್ಟರು. 1956ನೆಯ ನವೆಂಬರ್ ಒಂದರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಅಂಬೇಡ್ಕರರು ಅದೇ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ತೀರಿಕೊಂಡರು. ಸಾಯುವುದಕ್ಕೆ ಎರಡು ತಿಂಗಳೂ ಮುಂಚಿರಲಿಲ್ಲ, ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ್ದರು.

ಅವರು ನೆಟ್ಟ ಗಿಡ ಮೆಲ್ಲನೆ ಬೆಳೆಯಿತು. 1990ರ ತಿದ್ದುಪಡಿಯಿಂದ ಒಬ್ಬ ಅಧಿಕಾರಿಯ ಸ್ಥಳದಲ್ಲಿ ಹಲವು ಸದಸ್ಯರ ಆಯೋಗವು ಬಂದಿತು. ಸಾಕ್ಷಿಗಳನ್ನು ಕರೆಯಿಸುವ, ದಾಖಲೆಗಳನ್ನು ತರಿಸುವ ದಿವಾಣಿ ನ್ಯಾಯಾಲಯದ ಅಧಿಕಾರವೂ ಅದಕ್ಕೆ ದೊರೆಯಿತು. 2003ರ ತಿದ್ದುಪಡಿಯು ಪರಿಶಿಷ್ಟ ಜಾತಿಗಳಿಗೂ ಪಂಗಡಗಳಿಗೂ ಬೇರೆ ಬೇರೆ ಆಯೋಗಗಳನ್ನು ಮಾಡಿತು. 1993ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದಲ್ಲಿ ಇವುಗಳ ಅಧ್ಯಕ್ಷರಿಗೂ ಸ್ಥಾನವಿದೆ. ನಮ್ಮ ರಾಜ್ಯದ ಮಾನವ ಹಕ್ಕುಗಳ ಆಯೋಗವು 2007ರಲ್ಲಿ ಕೆಲಸಕ್ಕೆ ತೊಡಗಿತು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಘಟಕವೊಂದು ಬೆಳಗಾವಿಯಲ್ಲಿಯೇ ಇದೆ. ಮಾನವ ಹಕ್ಕುಗಳ ಆಯೋಗಗಳು ಶಿಫಾರಸು ಮಾಡಬಲ್ಲವೇ ಹೊರತು ಶಿಕ್ಷೆ ವಿಧಿಸಲಾರವು. ವಕೀಲನಿಲ್ಲದೆ, ಶುಲ್ಕವಿಲ್ಲದೆ, ಕನ್ನಡದಲ್ಲಿ ಬರೆದ ಒಂದು ಹಾಳೆಯಿಂದ ರಾಜ್ಯದ ಆಯೋಗದಲ್ಲಿ ವಿಚಾರಣೆ ಆರಂಭವಾಗಬಹುದೆಂಬುದು ಸಣ್ಣ ಮಾತಲ್ಲ.

ಎಪ್ಪತ್ತರ ದಶಕದಲ್ಲಿ, ನಾನು ಹುಡುಗನಾಗಿದ್ದಾಗ, ಖಾನಾಪುರ ತಾಲೂಕಿನ ನಮ್ಮೂರ ಚಹಾದಂಗಡಿಯ ಹೊರಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಕಿವಿಯೊಡೆದ ಮೂರು ನಾಲ್ಕು ಕಪ್ಪುಗಳು. ಕೇರಿಯಿಂದ ಬಂದವರು ತಾವೇ ಅವನ್ನು ತೆಗೆದುಕೊಂಡು, ಚಹಾ ಹೊಯ್ಯಿಸಿಕೊಂಡು, ಕುಡಿದು ತೊಳೆದು ಅಲ್ಲಿಯೇ ಇಡುತ್ತಿದ್ದರು. ಯಾರೋ ಪುಣ್ಯಾತ್ಮರು ಅರ್ಜಿ ಬರೆದರು. ಒಂದು ಮಧ್ಯಾಹ್ನ ಜೀಪಿನಲ್ಲಿ ಅಧಿಕಾರಿಯೊಬ್ಬರು ಬಂದು ಗೂಡನ್ನು ನೋಡಿದರು, ಅಂಗಡಿಯವನ ಹೇಳಿಕೆಯನ್ನು ಬರೆದುಕೊಂಡರು, ಕಪ್ಪುಗಳನ್ನು ಒಳಗಿಡಿಸಿ ಹೋದರು. ಎಂಟು ದಿನಗಳಲ್ಲಿ ಅವು ಮತ್ತೆ ಗೂಡಿಗೆ ಬಂದವು. ತಿಂಗಳಾಗುವಷ್ಟರಲ್ಲಿ ಅದೇ ಜೀಪು, ಅದೇ ಅಧಿಕಾರಿ, ಅದೇ ದಫ್ತರ. ಈ ಸಲ ಅವರು ಕೇರಿಯ ಇಬ್ಬರು ಹಿರಿಯರನ್ನು ತಮ್ಮೊಡನೆ ಒಳಗೆ ಕರೆದೊಯ್ದು ಬೆಂಚಿನ ಮೇಲೆ ಕೂಡಿಸಿಕೊಂಡರು. ಮೂರು ಚಹಾ ಹೇಳಿ, ಕುಡಿದು, ಹಣ ಕೊಟ್ಟು, ಹೆಸರುಗಳನ್ನು ಬರೆದುಕೊಂಡು ಹೋದರು. ಮರುವಾರ ಶಾಲೆಗೆ ಹೋಗುವಾಗ ನೋಡಿದೆ. ಅಂಗಡಿಯವನು ಆ ಗೂಡಿನಲ್ಲಿ ಲಾಟೀನು ಇಟ್ಟಿದ್ದನು.